ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಬೆಳೆಸಿದ ಮುಖ್ಯ ಕೋಚ್‌ಗಳು ಯಾರು?

ಎಲ್ಲರೂ ಮೊದಲು ಹೇಳುವ ಹೆಸರು ಬೇರ್ ಬ್ರಯಂಟ್. ಆದರೆ ಅಡಿಪಾಯ ಹಾಕಿದವರು ವಾಲೆಸ್ ವೇಡ್. 1923ರಲ್ಲಿ ಬಂದ ಅವರ ತಂಡ 1926ರ ಜನವರಿ 1ರಂದು, ಕ್ಯಾಲಿಫೋರ್ನಿಯಾದಲ್ಲಿ ಹೊಸವರ್ಷಕ್ಕೆ ನಡೆಯುವ ಪ್ರತಿಷ್ಠಿತ ಕಾಲೇಜು ಪಂದ್ಯವಾದ ರೋಸ್ ಬೌಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು 20-19ರಿಂದ ಸೋಲಿಸಿತು. ಅಮೆರಿಕದ ದಕ್ಷಿಣ ರಾಜ್ಯಗಳ ಫುಟ್‌ಬಾಲಿಗೆ ದೇಶದಲ್ಲಿ ಮರ್ಯಾದೆ ಸಿಕ್ಕಿದ್ದು ಆ ಪಂದ್ಯದಿಂದಲೇ ಎನ್ನಬೇಕು. ವೇಡ್ ನಂತರ ಬಂದ ಫ್ರಾಂಕ್ ಥಾಮಸ್ 1946ರವರೆಗೆ ಇದ್ದರು. ಬ್ರಯಂಟ್ ಆಟಗಾರರಾಗಿ ಪಳಗಿದ್ದು ಅವರ ಕೈಯಲ್ಲೇ.

1955ರಿಂದ 1957ರವರೆಗಿನ ಮೂರು ಋತುಗಳು ತೀರಾ ಕೆಟ್ಟವು: ಗೆಲುವು 4, ಸೋಲು 24, ಡ್ರಾ 2. ಆ ಸ್ಥಿತಿಯಲ್ಲಿ ಬ್ರಯಂಟ್ ತಮ್ಮ ಹಳೆಯ ಕಾಲೇಜಿಗೆ ಮರಳಿದರು. ನಾಲ್ಕನೇ ಋತುವಿನಲ್ಲಿ, ಅಂದರೆ 1961ರಲ್ಲಿ, ದೇಶದ ಅತ್ಯುತ್ತಮ ಕಾಲೇಜು ತಂಡವೆಂಬ ರಾಷ್ಟ್ರೀಯ ಪ್ರಶಸ್ತಿ! 25 ಋತುಗಳಲ್ಲಿ ಒಟ್ಟು ಆರು ಪ್ರಶಸ್ತಿ, 232 ಗೆಲುವು. ಅವರ ಅವಧಿಯ ಸುಮಾರು ಅರ್ಧದಷ್ಟು ಕಾಲ ತಂಡದಲ್ಲಿ ಬಿಳಿಯರಷ್ಟೇ ಇದ್ದರು ಎಂಬುದನ್ನು ಮರೆಯಬಾರದು. ಕಪ್ಪು ಆಟಗಾರರು ಮುಖ್ಯ ತಂಡದಲ್ಲಿ ಕಣಕ್ಕಿಳಿದದ್ದು 1971ರಲ್ಲಿ. 1982ರ ಋತು ಮುಗಿಸಿ ನಿವೃತ್ತರಾದ ಬ್ರಯಂಟ್ ಕೆಲವೇ ವಾರಗಳಲ್ಲಿ ತೀರಿಕೊಂಡರು.

ಆ ಬಳಿಕ ಬಂದವರೆಲ್ಲ ಅವರ ನೆರಳಲ್ಲೇ ಕೆಲಸ ಮಾಡಬೇಕಾಯಿತು. ಜೀನ್ ಸ್ಟಾಲಿಂಗ್ಸ್ 1992ರಲ್ಲಿ ಪ್ರಶಸ್ತಿ ತಂದರು. 2003ರಲ್ಲಂತೂ ಮೈಕ್ ಪ್ರೈಸ್ ಒಂದು ಪಂದ್ಯವನ್ನೂ ಆಡಿಸುವ ಮೊದಲೇ ವಜಾ ಆದರು.

2007ರಲ್ಲಿ ನಿಕ್ ಸೇಬನ್ ಬಂದರು. ಬ್ರಯಂಟ್ 25 ಋತುಗಳಲ್ಲಿ ಗೆದ್ದ ಆರು ಪ್ರಶಸ್ತಿಗಳನ್ನು ಅವರು 17 ಋತುಗಳಲ್ಲಿ ಗೆದ್ದರು. ಒಳ್ಳೆಯ ಆಟಗಾರರನ್ನು ಸೆಳೆಯಲು ಕಾಲೇಜುಗಳ ನಡುವೆ ತೀವ್ರ ಪೈಪೋಟಿ ಇರುವ ಈ ಕಾಲದಲ್ಲಿ ಇದು ಇನ್ನೂ ದೊಡ್ಡ ಸಾಧನೆ ಎಂಬುದು ನನ್ನ ಅಭಿಪ್ರಾಯ. 2024ರ ಜನವರಿಯಲ್ಲಿ ಅವರು ನಿವೃತ್ತರಾದಾಗ ಹೊಣೆ ಕೇಲನ್ ಡಿಬೋರ್ ಅವರ ಹೆಗಲೇರಿತು.