ಚಕ್ರಕ್ಕೆ ಬೀಗ, ದುಡ್ಡು ಯಾರಿಗೆ?

ಓದುಗರ ಪತ್ರ: "ಕಳೆದ ತಿಂಗಳು ಅಪ್ಪನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಮಂಡಿನೋವು, ದೂರ ನಡೆಯಲು ಆಗುವುದಿಲ್ಲ. ಎಲ್ಲೂ ಜಾಗ ಸಿಗಲಿಲ್ಲ. ಎರಡು ಚಕ್ರ ಫುಟ್‌ಪಾತಿಗೆ ಹತ್ತಿಸಿ ಕಾರು ನಿಲ್ಲಿಸಿದೆ. ಮುಕ್ಕಾಲು ಗಂಟೆ ಬಿಟ್ಟು ಬಂದರೆ ಮುಂದಿನ ಚಕ್ರಕ್ಕೆ ಹಳದಿ ಬೀಗ! ಗಾಜಿನ ಮೇಲೆ ಒಂದು ಚೀಟಿ, ಅದರಲ್ಲಿ ಫೋನ್ ನಂಬರ್. ಬೀಗ ತೆಗೆಯಲು ಅವರು ಬರುವಷ್ಟರಲ್ಲಿ ಎರಡು ಗಂಟೆ ಆಯಿತು. ಅಪ್ಪ ಬಿಸಿಲಲ್ಲಿ ಕಾರಿನೊಳಗೇ ಕೂತಿದ್ದರು. ದಂಡ ಕಟ್ಟಿದೆ, ಅದಕ್ಕೆ ಬೇಜಾರಿಲ್ಲ. ಆದರೆ ನನ್ನ ಕಾರನ್ನು ಕಟ್ಟಿಹಾಕುವ ಹಕ್ಕು ಇವರಿಗೆ ಎಲ್ಲಿಂದ ಬಂತು? ಇದು ಹಗಲು ದರೋಡೆ ಅಲ್ವಾ? ಪಕ್ಕದ ಮನೆಯವರು 'ನಾನಾಗಿದ್ದರೆ ಗ್ರೈಂಡರ್ ತಂದು ಕತ್ತರಿಸಿ ಬಿಸಾಕುತ್ತಿದ್ದೆ' ಅಂದರು. ಇನ್ನೊಂದು ವಿಷಯ. ನಮ್ಮ ಅಪಾರ್ಟ್‌ಮೆಂಟಿನ ಸಂಘವೂ ಈಗ ಇಂಥ ಎರಡು ಬೀಗ ಕೊಂಡಿದೆ. ಮನೆಗೆ ಬಂದ ನೆಂಟರ ಕಾರಿಗೆ ಹಾಕಿ ಐನೂರು ರೂಪಾಯಿ ಕೇಳುತ್ತಾರೆ. ಇದು ಸರಿಯೇ?"

ಪ್ರಿಯ ಮಿತ್ರರೇ,

ನಿಮ್ಮ ಅಪ್ಪನ ಮಂಡಿ ಈಗ ಹೇಗಿದೆ? ವಯಸ್ಸಾದವರನ್ನು ಎರಡು ಗಂಟೆ ಬಿಸಿಲಲ್ಲಿ ಕೂರಿಸಿದ್ದನ್ನು ಯಾರು ಏನೇ ಹೇಳಿದರೂ ನಾನು ಒಪ್ಪುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಪ್ರಶ್ನೆ.

ಹಕ್ಕು ಎಲ್ಲಿಂದ ಬಂತು ಅಂದರೆ, 1988ರ ಮೋಟಾರು ವಾಹನ ಕಾಯ್ದೆಯಿಂದ ಬಂತು. ಅದರ 127ನೇ ಸೆಕ್ಷನ್ ನೋಡಿ. ವಾಹನವನ್ನು ಪಾರ್ಕಿಂಗ್ ನಿಷೇಧವಿರುವ ಜಾಗದಲ್ಲಿ ನಿಲ್ಲಿಸಿದ್ದರೆ, ಅಥವಾ ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಇಲ್ಲವೇ ಅದಕ್ಕಿಂತ ಜಾಸ್ತಿ ಹೊತ್ತು ಹಾಗೇ ಬಿಟ್ಟುಹೋಗಿದ್ದರೆ, ಅದನ್ನು ಎಳೆದುಕೊಂಡು ಹೋಗಬಹುದು, ಇಲ್ಲವೇ ಅಲ್ಲೇ ಕದಲದಂತೆ ಮಾಡಬಹುದು. ಚಕ್ರಕ್ಕೆ ಬೀಗ ಹಾಕುವ ಮಾತು ಆ ಸೆಕ್ಷನ್ನಿನಲ್ಲೇ ಇದೆ. ಆದರೆ ಅದಕ್ಕೆ ಒಪ್ಪಿಗೆ ಕೊಡಬೇಕಾದವರು ಆ ಜಾಗದ ಮೇಲೆ ಅಧಿಕಾರ ಇರುವ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಅಪಾರ್ಟ್‌ಮೆಂಟಿನ ವಿಷಯಕ್ಕೆ ಬೇಕಾಗುತ್ತದೆ. ಫುಟ್‌ಪಾತಿನ ಮೇಲೆ ಗಾಡಿ ನಿಲ್ಲಿಸುವುದಂತೂ ನಮ್ಮ ದೇಶದಲ್ಲಿ ಎಲ್ಲೂ ಸಲ್ಲದು. ಹಾಗಾಗಿ ನಿಮ್ಮ ಕಾರಿಗೆ ಬಿದ್ದ ಬೀಗ ಕಾನೂನಿನ ಬೀಗವೇ. ದರೋಡೆ ಅನ್ನಲಾರೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಬ್ಬರ ಬಗ್ಗೆಯೂ ಹೇಳಬೇಕು. ಆ ಮುಕ್ಕಾಲು ಗಂಟೆಯಲ್ಲಿ ಅದೇ ಕ್ಲಿನಿಕ್ಕಿಗೆ ಬೇರೆ ಯಾರೋ ಮಂಡಿನೋವಿನವರು ನಡೆದುಕೊಂಡು ಬಂದಿರಬಹುದು. ಫುಟ್‌ಪಾತಿನಲ್ಲಿ ಕಾರು ಕಂಡು ಕೋಲೂರಿಕೊಂಡು ರಸ್ತೆಗೆ ಇಳಿದಿರಬಹುದು. ಅವರು ಪತ್ರಿಕೆಗೆ ಪತ್ರ ಬರೆದಿಲ್ಲ, ಅಷ್ಟೇ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ದಂಡಕ್ಕೆ ಬೇಜಾರಿಲ್ಲ ಅಂತ ನೀವೇ ಬರೆದಿದ್ದೀರಿ, ಆ ಮಾತು ನನಗೆ ತುಂಬಾ ಹಿಡಿಸಿತು.

ಈ ಬೀಗ ಹುಟ್ಟಿದ್ದು ಅಮೆರಿಕದ ಡೆನ್ವರ್ ನಗರದಲ್ಲಿ. ಮಾಡಿದವರು ಫ್ರಾಂಕ್ ಮರುಗ್. ಎರಕಕ್ಕೆ ಬೇಕಾದ ಮಾದರಿ ಅಚ್ಚು ಮಾಡುವುದು ಅವರ ಕಸುಬು. ಜೊತೆಗೆ ಡೆನ್ವರ್ ಸಿಂಫನಿ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದರು. ಆಗ ಡೆನ್ವರಿನಲ್ಲಿ ದಂಡ ಬಾಕಿ ಇಟ್ಟವರ ಕಾರುಗಳನ್ನು ಪೊಲೀಸರು ಎಳೆದುಕೊಂಡು ಹೋಗಿ ಒಂದು ಅಂಗಳದಲ್ಲಿ ಇಡುತ್ತಿದ್ದರು. ಅಲ್ಲಿ ಕಾರಿನೊಳಗಿನ ಸಾಮಾನು ಕಳ್ಳತನವಾಗುತ್ತಿತ್ತು. ಮಾಲೀಕರು ಬಂದು ಪೊಲೀಸರ ಹತ್ತಿರವೇ ಪರಿಹಾರ ಕೇಳುತ್ತಿದ್ದರು. ಕಾರನ್ನು ಎಳೆಯದೆ, ನಿಂತಲ್ಲೇ ಹಿಡಿದಿಡುವ ದಾರಿ ಬೇಕಿತ್ತು. ಮರುಗ್ ಮಾಡಿಕೊಟ್ಟದ್ದು ಅದನ್ನೇ. ಎರಡು ದವಡೆಗಳು ಟೈರನ್ನು ಕಚ್ಚಿ ಹಿಡಿಯುತ್ತವೆ, ಒಂದು ತಟ್ಟೆ ಚಕ್ರದ ನಟ್ಟುಗಳನ್ನು ಮುಚ್ಚುತ್ತದೆ. 1955ರ ಜನವರಿಯಲ್ಲಿ ಅದು ಕೆಲಸಕ್ಕೆ ಇಳಿಯಿತು. ಮೊದಲ ಒಂದು ತಿಂಗಳೊಳಗೇ ನಗರಕ್ಕೆ 18 ಸಾವಿರ ಡಾಲರಿಗೂ ಮೀರಿ ಬಾಕಿ ದಂಡ ವಸೂಲಾಯಿತು. 1958ರಲ್ಲಿ ಪೇಟೆಂಟ್ ಸಿಕ್ಕಿತು. ಅಲ್ಲಿನ ಜನ ಅದನ್ನು ಇವತ್ತಿಗೂ 'ಡೆನ್ವರ್ ಬೂಟ್' ಅಂತಲೇ ಕರೆಯುತ್ತಾರೆ.

ಇದನ್ನು ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಡೆನ್ವರಿನ ಬೀಗ ಹುಟ್ಟಿದ್ದು ಬಾಕಿ ವಸೂಲಿಗೆ. ಹತ್ತಾರು ಚೀಟಿ ಬಂದರೂ ಕಟ್ಟದೆ ಓಡಾಡುವವನ ಕಾರು ಎಲ್ಲಿ ಸಿಕ್ಕಿದರೂ ಸರಿ, ಅಲ್ಲಿ ಬೀಗ ಹಾಕಿದರೆ ಅವನು ಕಚೇರಿಗೆ ಬರಲೇಬೇಕು. ಅದಕ್ಕೆ ಇದಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ. ನಾವು ಮಾಡುತ್ತಿರುವುದು ಬೇರೆ. ದಾರಿಗೆ ಅಡ್ಡ ನಿಂತ ಕಾರನ್ನು ಅದೇ ಅಡ್ಡದಲ್ಲಿ ಇನ್ನೂ ಗಟ್ಟಿಯಾಗಿ ನಿಲ್ಲಿಸುತ್ತಿದ್ದೇವೆ.

ಹೋದ ವರ್ಷ ನಮ್ಮ ಕಚೇರಿಯ ಗೇಟಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಬೆಳಗ್ಗೆ ಯಾರೋ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಹೋಗಿದ್ದರು. ನಾವೇ ಫೋನ್ ಮಾಡಿದೆವು. ಪೊಲೀಸರು ಬಂದರು, ಬೀಗ ಹಾಕಿದರು, ಹೋದರು. ಕಾರಿನವರು ಬಂದದ್ದು ಸಂಜೆ ಐದಕ್ಕೆ. ಅವತ್ತು ಅಚ್ಚಾಗಿ ಬಂದ ಸಂಚಿಕೆಯ ಬಂಡಲ್‌ಗಳು ರಸ್ತೆಯಲ್ಲೇ ಇಳಿದವು. ನಮ್ಮ ಹುಡುಗರು ಒಂದೊಂದನ್ನೇ ಹೆಗಲ ಮೇಲೆ ಹೊತ್ತು, ಕಾರಿನ ಪಕ್ಕ ಒತ್ತರಿಸಿಕೊಂಡು ಒಳಗೆ ತಂದರು. ಅಡ್ಡ ನಿಲ್ಲಿಸಿದವರಿಗೆ ದಂಡ ಬಿತ್ತು, ನಿಜ. ನಮ್ಮ ಗೇಟು ಮಾತ್ರ ತೆರೆಯಲಿಲ್ಲ. ನಿಮ್ಮ ಕಾರಿನ ಕಥೆಯೂ ಅದೇ ತಾನೇ? ಫುಟ್‌ಪಾತಿನಲ್ಲಿ ಮುಕ್ಕಾಲು ಗಂಟೆ ಇರಬೇಕಾಗಿದ್ದ ಕಾರು ಬೀಗದ ದೆಸೆಯಿಂದ ಎರಡೂ ಮುಕ್ಕಾಲು ಗಂಟೆ ಇತ್ತು. ಆ ಕೋಲಿನ ಅಜ್ಜನಿಗೆ ಇದರಿಂದ ಏನು ಸಿಕ್ಕಿತು?

ಈಗ 'ದರೋಡೆ' ಅನ್ನುವ ನಿಮ್ಮ ಮಾತು. ಬೀಗ ಹಾಕುವುದನ್ನು ಒಂದು ನ್ಯಾಯಾಲಯ ನಿಜಕ್ಕೂ ಸುಲಿಗೆ ಅಂತ ಕರೆದದ್ದುಂಟು. ಸ್ಕಾಟ್ಲೆಂಡಿನಲ್ಲಿ, 1992ರಲ್ಲಿ. ಖಾಸಗಿ ಜಾಗದಲ್ಲಿ ನಿಂತ ಕಾರಿಗೆ ಬೀಗ ಹಾಕಿ, ತೆಗೆಯಲು 45 ಪೌಂಡ್ ಕೇಳಿದ್ದರು. ಒಬ್ಬರ ಕಾರನ್ನು ಹಿಡಿದಿಟ್ಟುಕೊಂಡು ದುಡ್ಡು ಕೇಳುವುದು ಸುಲಿಗೆ, ಅದು ಕಳ್ಳತನವೂ ಆಗುತ್ತದೆ ಅಂತ ಅಲ್ಲಿನ ಹೈಕೋರ್ಟು ಹೇಳಿತು. ಖಾಸಗಿ ಬೀಗದವರ ಆಟ ಅಲ್ಲಿಗೆ ಮುಗಿಯಿತು.

ಇಂಗ್ಲೆಂಡಿನಲ್ಲಿ ಅದು ಮುಗಿಯಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಲಂಡನ್ನಿನಲ್ಲಿ ಪೊಲೀಸರು 1983ರಲ್ಲಿ ಬೀಗ ಹಾಕಲು ಶುರುಮಾಡಿದರು. ಅದನ್ನು ನೋಡಿ ಖಾಸಗಿಯವರೂ ಕೈ ಹಾಕಿದರು. ಖಾಲಿ ಸೈಟು, ಅಂಗಡಿಯ ಹಿತ್ತಲು, ಎಲ್ಲೋ ಮೂಲೆಯಲ್ಲಿ ಕಾಣಿಸದ ಹಾಗೆ ಒಂದು ಬೋರ್ಡು. ಕಾರು ನಿಂತ ಐದೇ ನಿಮಿಷಕ್ಕೆ ಬೀಗ. ಹಾಕಿದವನೇ ದರ ಹೇಳುತ್ತಾನೆ, ಅವನೇ ದುಡ್ಡು ಇಸಿದುಕೊಳ್ಳುತ್ತಾನೆ, ದೂರು ಕೇಳುವವನೂ ಅವನೇ. ಜನ ರೊಚ್ಚಿಗೆದ್ದರು. 2003ರಲ್ಲಿ ಒಬ್ಬಾತ ಸಿನಿಮಾದ ಶೂರನ ಹಾಗೆ ವೇಷ ಹಾಕಿಕೊಂಡು, ಕೈಯಲ್ಲಿ ಗ್ರೈಂಡರ್ ಹಿಡಿದು, ಕೆಂಟ್ ಮತ್ತು ಲಂಡನ್ನಿನಲ್ಲಿ ಬೀಗಗಳನ್ನು ಪುಕ್ಕಟೆ ಕತ್ತರಿಸಿಕೊಡುತ್ತೇನೆ ಅಂತ ಹೊರಟ. ತನ್ನನ್ನು 'ಆಂಗಲ್ ಗ್ರೈಂಡರ್ ಮ್ಯಾನ್' ಅಂತ ಕರೆದುಕೊಂಡ. ನಿಮ್ಮ ಪಕ್ಕದ ಮನೆಯವರ ಮಾತು ಓದಿದಾಗ ನೆನಪಾದದ್ದು ಇವನೇ. ಬೀಗ ಹಾಕುವವರಿಗೆ ಸರ್ಕಾರ ಲೈಸೆನ್ಸ್ ಕಡ್ಡಾಯ ಮಾಡಿ ನೋಡಿತು. ದೂರು ನಿಲ್ಲಲಿಲ್ಲ. ಕೊನೆಗೆ 2012ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಜಾಗದಲ್ಲಿ ಬೀಗ ಹಾಕುವುದೇ ಅಪರಾಧವಾಯಿತು. ಸರ್ಕಾರದ ಬೀಗ ಮಾತ್ರ ಉಳಿದುಕೊಂಡಿತು. ತೆರಿಗೆ ಕಟ್ಟದ ವಾಹನಗಳಿಗೆ ಅಲ್ಲಿ ಈಗಲೂ ಹಾಕುತ್ತಾರೆ. ಅದರ ವಿರುದ್ಧ ಯಾರೂ ವೇಷ ಹಾಕಿಕೊಂಡು ಬೀದಿಗೆ ಇಳಿದದ್ದು ನಾನು ಕೇಳಿಲ್ಲ.

ಬೀಗ ಎರಡೂ ಕಡೆ ಒಂದೇ. ಒಂದನ್ನು ಜನ ಸಹಿಸಿಕೊಂಡರು, ಇನ್ನೊಂದನ್ನು ಸಹಿಸಲಿಲ್ಲ. ಯಾಕೆ ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ. ಹಾಕುವವನ ಜೇಬಿಗೇ ದುಡ್ಡು ಬೀಳುವುದಾದರೆ, ಅವನಿಗೆ ರಸ್ತೆ ಸರಿಯಾಗುವುದು ಬೇಕಿಲ್ಲ. ಜನ ತಪ್ಪು ಮಾಡುತ್ತಲೇ ಇರಬೇಕು. ಅದನ್ನು ಜನ ಬೇಗ ಕಂಡುಹಿಡಿಯುತ್ತಾರೆ. ನಮ್ಮ ಬೆಂಗಳೂರಿನ ಟೋಯಿಂಗ್ ಕಥೆಯೂ ಇದೇ ಅಲ್ವಾ? ಖಾಸಗಿ ಗುತ್ತಿಗೆಯ ಲಾರಿಗಳು, ಮೇಲೆ ಸಾಲಾಗಿ ಬೈಕು ಸ್ಕೂಟರು, ಹಿಂದೆ ಕೈ ಬೀಸಿಕೊಂಡು ಓಡುವ ಮಾಲೀಕರು. ಎತ್ತಿದ ಪ್ರತಿ ಗಾಡಿಗೂ ಗುತ್ತಿಗೆದಾರರಿಗೆ ದುಡ್ಡು. ಹೀಗಾಗಿ ಸುಲಭವಾಗಿ ಎತ್ತಬಹುದಾದ ಸ್ಕೂಟರೇ ಅವರ ಕಣ್ಣಿಗೆ ಮೊದಲು ಬೀಳುತ್ತದೆ ಅಂತ ಊರೆಲ್ಲ ಮಾತಾಡಿಕೊಂಡರು. ಜನರ ಸಿಟ್ಟು ಏರಿ ಏರಿ 2022ರ ಫೆಬ್ರವರಿಯಲ್ಲಿ ಟೋಯಿಂಗ್ ನಿಲ್ಲಿಸಬೇಕಾಯಿತು. ದಂಡ ಕಟ್ಟಲು ಜನರಿಗೆ ಮನಸ್ಸಿಲ್ಲ ಅಂತ ಇದರ ಅರ್ಥವಲ್ಲ. 2023ರ ಫೆಬ್ರವರಿಯಲ್ಲಿ ಹಳೆ ಸಂಚಾರ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಮುಗಿಬಿದ್ದು ಕಟ್ಟಿದರು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಬಂತು. ನಿಜ ಹೇಳಬೇಕೆಂದರೆ, ಮರುಗ್ ಅವರ ಬೀಗಕ್ಕೆ ನಮ್ಮಲ್ಲಿ ಸರಿಯಾದ ಕೆಲಸ ಇರುವುದು ಇಲ್ಲೇ. ವರ್ಷಗಟ್ಟಲೆ ದಂಡ ಬಾಕಿ ಇಟ್ಟವರ ಗಾಡಿಗೆ ಹಾಕಲಿ. ಕ್ಲಿನಿಕ್ಕಿನ ಮುಂದಿನ ಕಾರನ್ನು ಬೇಗ ಅಲ್ಲಿಂದ ಕಳಿಸಲಿ. ಫೋಟೋ ತೆಗೆದು ಮನೆಗೆ ಚಲನ್ ಕಳಿಸಿದರೆ ಸಾಕು.

ಪಕ್ಕದ ಮನೆಯವರಿಗೆ ದಯವಿಟ್ಟು ಹೇಳಿ, ಗ್ರೈಂಡರ್ ತರುವುದು ಬೇಡ. ಬೀಗ ಪೊಲೀಸರದ್ದು, ಅಂದರೆ ಸರ್ಕಾರದ ಸೊತ್ತು. ಕತ್ತರಿಸಿದರೆ ಪಾರ್ಕಿಂಗ್ ದಂಡದ ವಿಷಯ ಹೋಗಿ ಕ್ರಿಮಿನಲ್ ಕೇಸಿನ ವಿಷಯವಾಗುತ್ತದೆ. ಬೀಗ ಇರುವಾಗಲೇ ಗಾಡಿ ಎಳೆಯಲು ಹೋದರೆ ಮಡ್‌ಗಾರ್ಡು, ಬ್ರೇಕಿನ ಭಾಗಗಳು ಹಾಳಾಗುತ್ತವೆ. ಅದರ ಖರ್ಚು ದಂಡಕ್ಕಿಂತ ಜಾಸ್ತಿ. ಬೀಗ ತೆಗೆಯಲು ಬಂದ ಪೇದೆಯ ಮೇಲೆ ಕೂಗಾಡುವುದೂ ಬೇಡ. ಎಲ್ಲಿ ಹಾಕಬೇಕು, ಎಷ್ಟು ಹೊತ್ತಿಗೆ ತೆಗೆಯಬೇಕು ಅನ್ನುವುದನ್ನು ಅವರು ತೀರ್ಮಾನ ಮಾಡಿರುವುದಿಲ್ಲ. ಬೀಗ ಕಂಡ ಕೂಡಲೇ ಕಾರು ನಿಂತ ಜಾಗದ ಫೋಟೋ ತೆಗೆಯಿರಿ. ಹತ್ತಿರದಲ್ಲಿ ನೋ ಪಾರ್ಕಿಂಗ್ ಬೋರ್ಡು ಇದೆಯೋ ಇಲ್ಲವೋ, ಅದೂ ಫೋಟೋದಲ್ಲಿ ಬರಲಿ. ಫೋನ್ ಮಾಡಿದ ಹೊತ್ತು ಬರೆದಿಡಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅಪಾರ್ಟ್‌ಮೆಂಟಿನ ವಿಷಯಕ್ಕೆ ನನ್ನ ಉತ್ತರ ಚಿಕ್ಕದು. ಅದು ಸರಿಯಲ್ಲ. ಸಂಘದ ಕಾರ್ಯದರ್ಶಿಗಳು ಪೊಲೀಸ್ ಅಧಿಕಾರಿಯಲ್ಲ. 127ನೇ ಸೆಕ್ಷನ್ ಅವರಿಗೆ ಆ ಅಧಿಕಾರ ಕೊಡುವುದಿಲ್ಲ. ಇಂಗ್ಲೆಂಡಿನ ಖಾಲಿ ಸೈಟಿನಲ್ಲಿ ನಡೆದದ್ದೇ ನಿಮ್ಮ ಬೇಸ್‌ಮೆಂಟಿನಲ್ಲಿ ನಡೆಯುತ್ತಿದೆ. ನೆಂಟರು ಬೇರೆಯವರ ಜಾಗದಲ್ಲಿ ಕಾರು ನಿಲ್ಲಿಸಿದರೆ ಆ ಮನೆಯವರಿಗೆ ತೊಂದರೆ ಆಗುತ್ತದೆ, ಒಪ್ಪುತ್ತೇನೆ. ಆದರೆ ಅವರಿಗೆ ಬೇಕಾದದ್ದು ತಮ್ಮ ಜಾಗ ಖಾಲಿಯಾಗುವುದು. ಬೀಗ ಹಾಕಿದರೆ ಅದು ಆಗುವುದಿಲ್ಲ. ಗೇಟಿನಲ್ಲೇ ನೆಂಟರ ಫೋನ್ ನಂಬರ್ ಬರೆದುಕೊಳ್ಳಲಿ. ಅಡ್ಡ ಆದಾಗ ಕರೆದು ತೆಗೆಸಲಿ. ಮುಂದಿನ ಸಭೆಯಲ್ಲಿ ನೀವೇ ಎದ್ದು ನಿಂತು ಹೇಳಿ. ಇದುವರೆಗೆ ಇಸಿದುಕೊಂಡ ಐನೂರುಗಳು ಯಾವ ಲೆಕ್ಕಕ್ಕೆ ಹೋದವು ಅಂತಲೂ ಕೇಳಿ.

ಇನ್ನು ಆ ಎರಡು ಗಂಟೆ. ಕಾಯ್ದೆ ಬೀಗ ಹಾಕಲು ಅನುಮತಿ ಕೊಟ್ಟಿದೆ. ಕಾಯಿಸಿ ಶಿಕ್ಷೆ ಕೊಡಲು ಯಾರಿಗೂ ಅನುಮತಿ ಕೊಟ್ಟಿಲ್ಲ. ಹಾಕಲು ಎರಡು ನಿಮಿಷ ಸಾಕಾಗುತ್ತದೆ. ದಂಡ ಕಟ್ಟಿದವರ ಬೀಗ ತೆಗೆಯಲು ಅರ್ಧ ಗಂಟೆಗಿಂತ ಜಾಸ್ತಿ ಯಾಕೆ ಬೇಕು? ರೋಗಿಗಳು, ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಅದಕ್ಕಿಂತ ಬೇಗ ತೆಗೆಯಬೇಕು. ಆಸ್ಪತ್ರೆ, ಕ್ಲಿನಿಕ್ಕುಗಳ ಮುಂದೆ ರೋಗಿಯನ್ನು ಇಳಿಸಿ ಹೋಗಲು ಹತ್ತು ನಿಮಿಷದ ಜಾಗವನ್ನಾದರೂ ಗುರುತು ಮಾಡಬೇಕು. ಇದನ್ನು ನಾನು ಸುಮ್ನೆ ಇಲ್ಲಿ ಬರೆದು ಬಿಡುವುದಿಲ್ಲ, ಸಂಚಾರ ಪೊಲೀಸರಿಗೆ ಪತ್ರಿಕೆಯ ಕಡೆಯಿಂದ ಪತ್ರ ಬರೆಯುತ್ತೇನೆ. ನಿಮ್ಮ ಚೀಟಿ ಮತ್ತು ರಸೀದಿಯ ನಕಲು ಇದ್ದರೆ ಕಳಿಸಿ. ನೀವು ಫೋನ್ ಮಾಡಿದ ಹೊತ್ತು, ಅವರು ಬಂದ ಹೊತ್ತು ಎರಡನ್ನೂ ಅದರ ಮೇಲೆ ಬರೆಯಿರಿ. ಬೇರೆ ಓದುಗರ ಹತ್ತಿರವೂ ಇಂಥ ಚೀಟಿಗಳಿದ್ದರೆ ಕಳಿಸಲಿ, ಎಲ್ಲವನ್ನೂ ಒಟ್ಟಿಗೆ ಲಗತ್ತಿಸುತ್ತೇನೆ.

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

— ಸಂಪಾದಕ