ಆಳದ ಮೀನನ್ನು ಮರಳಿ ಬಿಡುವ ಬಗೆ: ಸಂಪಾದಕರ ಉತ್ತರ

ಮಾನ್ಯರೇ,

ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಿಂದ ಬಾಡಿಗೆ ದೋಣಿಯಲ್ಲಿ ಮೆಕ್ಸಿಕೋ ಕೊಲ್ಲಿಗೆ ಮೀನು ಹಿಡಿಯಲು ಹೋದಾಗ ಕಂಡದ್ದನ್ನು ವಿವರವಾಗಿ ಬರೆದಿದ್ದೀರಿ. ಸುಮಾರು 40 ಮೀಟರ್ ಆಳದಿಂದ ಎಳೆದ ರೆಡ್ ಸ್ನ್ಯಾಪರ್‌ಗಳಲ್ಲಿ ಅಳತೆಗೆ ಸಾಲದವನ್ನು ನೀರಿಗೆ ಬಿಟ್ಟರೂ ಅವು ಮುಳುಗಲಾರದೆ ಹೊಟ್ಟೆ ಮೇಲಾಗಿ ತೇಲಿದವು, ಬಾಯಿಯಿಂದ ಗುಲಾಬಿ ಬಣ್ಣದ ಬುಗ್ಗೆಯೊಂದು ಹೊರಬಂದಿತ್ತು, ಜೊತೆಗಿದ್ದವರೊಬ್ಬರು ಅದನ್ನು ಚಾಕುವಿನ ತುದಿಯಿಂದ ಚುಚ್ಚಿ ಮೀನನ್ನು ಎಸೆದರು ಎಂದಿದ್ದೀರಿ. ಹಾಗೆ ಚುಚ್ಚುವುದು ಸರಿಯೇ, ಅಲ್ಲವಾದರೆ ಮಾಡಬೇಕಾದದ್ದೇನು, ಮಲ್ಪೆಯಲ್ಲಿರುವ ನಿಮ್ಮ ಮಾವನವರು ‘ನಾವು ಇಂಥದ್ದನ್ನು ಕಂಡೇ ಇಲ್ಲ’ ಎನ್ನುವುದೇಕೆ ಎಂದು ಕೇಳಿದ್ದೀರಿ.

ಚುಚ್ಚುವುದು ಸರಿಯಲ್ಲ. ಬಾಯಿಯಿಂದ ಹೊರಬಂದಿರುವುದು ಬಹಳ ಮಂದಿ ತಿಳಿದಿರುವಂತೆ ಮೀನಿನ ಗಾಳಿಚೀಲವಲ್ಲ (ನೀರಿನಲ್ಲಿ ಮುಳುಗದೆ ತೇಲದೆ ನಿಲ್ಲಲು ನೆರವಾಗುವ, ಅನಿಲ ತುಂಬಿದ ಒಳಚೀಲ), ಅದರ ಜಠರ. ಒಳಗಿನ ಅನಿಲದ ಒತ್ತಡಕ್ಕೆ ಜಠರವೇ ಒಳಮಗ್ಗುಲು ಹೊರಗಾಗಿ ಮಗುಚಿಕೊಂಡು ಬಾಯಿಗೆ ಬಂದಿರುತ್ತದೆ. ಅದಕ್ಕೆ ತೂತು ಮಾಡಿದವರು ಮೀನನ್ನು ಉಳಿಸುವ ಬದಲು ಅದಕ್ಕೆ ಇನ್ನೊಂದು ಗಾಯವನ್ನು ಕೊಟ್ಟಂತಾಯಿತು. ಅದನ್ನು ಬೆರಳಿನಿಂದ ಒಳಕ್ಕೆ ತಳ್ಳುವುದೂ ಬೇಡ. ಒತ್ತಡ ಇಳಿದರೆ ಅದು ತಾನಾಗಿಯೇ ಒಳಸೇರುತ್ತದೆ.

ಆ ಒತ್ತಡ ಎಲ್ಲಿಂದ ಬಂತು ಎಂಬುದು ತಿಳಿದರೆ ಉಪಾಯವೂ ಹೊಳೆಯುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ, 40 ಮೀಟರ್ ಆಳದಲ್ಲಿ ಒಟ್ಟು ಒತ್ತಡ ನೀರಿನ ಮೇಲ್ಮೈಯಲ್ಲಿರುವುದರ ಐದರಷ್ಟು. ಅಲ್ಲಿಂದ ಮೇಲೆ ಬರುವ ಮೀನಿನ ಗಾಳಿಚೀಲದಲ್ಲಿರುವ ಅನಿಲ ಐದು ಪಟ್ಟು ಜಾಗವನ್ನು ಕೇಳುತ್ತದೆ. ಸ್ನ್ಯಾಪರ್, ಗ್ರೂಪರ್‌ಗಳ ಗಾಳಿಚೀಲಕ್ಕೆ ಹೊರದಾರಿ ಇಲ್ಲ. ಅನಿಲ ತುಂಬುವುದೂ ಖಾಲಿಯಾಗುವುದೂ ರಕ್ತದ ಮೂಲಕವೇ, ಅದೂ ನಿಧಾನವಾಗಿ. ರೀಲು ತಿರುಗಿಸುವವರು ಒಂದೆರಡು ನಿಮಿಷದಲ್ಲಿ ಎಳೆದುಬಿಟ್ಟರೆ ಚೀಲ ಉಬ್ಬುತ್ತದೆ, ಎಷ್ಟೋ ಸಲ ಒಡೆದು ಅನಿಲ ಹೊಟ್ಟೆಯ ಒಳಗೆಲ್ಲ ಹರಡುತ್ತದೆ. ಜಠರ ಹೊರಬರುವುದು, ಕಣ್ಣುಗುಡ್ಡೆ ಉಬ್ಬುವುದು, ಗುದದ್ವಾರದಲ್ಲಿ ಕರುಳು ಕಾಣಿಸಿಕೊಳ್ಳುವುದು, ಹುರುಪೆಗಳು ಎದ್ದು ನಿಲ್ಲುವುದು ಎಲ್ಲವೂ ಇದರದೇ ಪರಿಣಾಮ. ಇಂಥ ಮೀನು ಕೆಳಕ್ಕೆ ಈಜಲಾರದು. ಬಿಸಿಲಿಗೂ ಮೇಲ್ಪದರದ ಬೆಚ್ಚನೆಯ ನೀರಿಗೂ ಸಿಕ್ಕಿ ಬಳಲುತ್ತಿರುವಾಗಲೇ, ದೋಣಿಯ ಹಿಂದೆಯೇ ಬರಲು ಕಲಿತಿರುವ ಡಾಲ್ಫಿನ್‌ಗಳು ಅದನ್ನು ಎತ್ತಿಕೊಂಡು ಹೋಗುತ್ತವೆ.

ಆದ್ದರಿಂದ ಮೀನನ್ನು ಮತ್ತೆ ಆಳಕ್ಕೆ, ಒತ್ತಡವಿರುವ ಕಡೆಗೆ ಮುಟ್ಟಿಸುವುದೇ ನಿಜವಾದ ಬಿಡುಗಡೆ. ಅಲ್ಲಿ ಅನಿಲ ಮೊದಲಿನ ಗಾತ್ರಕ್ಕೆ ಕುಗ್ಗುತ್ತದೆ, ಮೀನು ಎಂದಿನಂತೆ ಈಜಬಲ್ಲದು, ಒಡೆದ ಗಾಳಿಚೀಲವೂ ಕ್ರಮೇಣ ಮಾಯುತ್ತದೆ. ಅಲಾಸ್ಕದಲ್ಲಿ ಯೆಲ್ಲೋಐ ರಾಕ್‌ಫಿಶ್ ಎಂಬ, ನೂರು ವರ್ಷಕ್ಕೂ ಮೀರಿ ಬದುಕಬಲ್ಲ ಮೀನುಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಳಕ್ಕಿಳಿಸಿ ಬಿಟ್ಟವುಗಳಲ್ಲಿ 17 ದಿನಗಳವರೆಗೆ ಬದುಕುಳಿದವು ಸುಮಾರು ಶೇ 98 ಎಂದೂ, ನೀರಿನ ಮೇಲೆಯೇ ಬಿಟ್ಟವುಗಳಲ್ಲಿ ಸುಮಾರು ಶೇ 22 ಎಂದೂ ಅಂದಾಜಾಯಿತು. ಎಲ್ಲ ಜಾತಿಗಳಲ್ಲೂ ಎಲ್ಲ ಆಳಗಳಲ್ಲೂ ಇಷ್ಟೇ ಫಲ ಸಿಗದು. ಆದರೂ ವ್ಯತ್ಯಾಸ ಯಾವ ಕಡೆಗಿದೆ ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ.

ಇದಕ್ಕೆ ಬಳಸುವ ಸಾಧನಕ್ಕೆ ಡಿಸೆಂಡರ್ ಎನ್ನುತ್ತಾರೆ. ಮೀನಿನ ಕೆಳದವಡೆಯನ್ನು ಹಿಡಿದುಕೊಂಡು, ನಾವು ಗೊತ್ತುಮಾಡಿದ ಆಳ ತಲುಪಿದೊಡನೆ ನೀರಿನ ಒತ್ತಡಕ್ಕೆ ತಾನೇ ಬಾಯಿಬಿಡುವ ಇಕ್ಕಳ ಒಂದು ಬಗೆ. ಮುಳ್ಳಿಲ್ಲದ ಗಾಳವನ್ನು ತಲೆಕೆಳಗಾಗಿ ತೂಕಕ್ಕೆ ಕಟ್ಟಿದ್ದು ಇನ್ನೊಂದು. ಮೀನು ಆಳಕ್ಕೆ ಹೋದ ಮೇಲೆ ದಾರವನ್ನು ಜಗ್ಗಿದರೆ ಕಳಚಿಕೊಳ್ಳುತ್ತದೆ. ತಳಕ್ಕೆ ಹಗ್ಗ ಕಟ್ಟಿ, ಅಂಚಿಗೆ ಸೀಸ ಬಿಗಿದು, ಬೋರಲಾಗಿ ಇಳಿಸುವ ಪ್ಲಾಸ್ಟಿಕ್ ಹಾಲಿನ ಕ್ರೇಟೂ ಇದೇ ಕೆಲಸವನ್ನು ಮಾಡುತ್ತದೆ, ಖರ್ಚೂ ಇಲ್ಲ. ತೂಕ ಎಷ್ಟಿರಬೇಕೆಂಬುದನ್ನು ಮೀನೇ ಹೇಳುತ್ತದೆ: ಸಾಲದಿದ್ದರೆ ಅದು ಮುಳುಗುವುದೇ ಇಲ್ಲ. ಸಾಧ್ಯವಾದರೆ ತಳದವರೆಗೆ, ಆಗದಿದ್ದರೆ ಹಿಡಿದ ಆಳದ ಮೂರನೆಯ ಒಂದು ಭಾಗಕ್ಕಾದರೂ ಇಳಿಸಬೇಕು. ಮುಖ್ಯವಾದ ಸಂಗತಿಯೆಂದರೆ ಸಾಧನ ಮೊದಲೇ ಕಟ್ಟಿ ಕೈಗೆ ಸಿಗುವಂತಿರಬೇಕು. ಮೀನು ಹಲಗೆಯ ಮೇಲೆ ಒದ್ದಾಡುತ್ತಿರುವಾಗ ಅದನ್ನು ಹುಡುಕುತ್ತ, ನಡುವೆ ಫೋಟೋವನ್ನೂ ತೆಗೆಯುತ್ತ ಕಳೆದ ನಿಮಿಷಗಳು ಸಾಧನದ ಪ್ರಯೋಜನವನ್ನೇ ತಿಂದುಹಾಕುತ್ತವೆ.

ಟೊಳ್ಳು ಸೂಜಿಯಿಂದ ಅನಿಲವನ್ನು ಹೊರಬಿಡುವ ಕ್ರಮವೊಂದಿದೆ ನಿಜ, ಆದರೆ ಅದು ನೀವು ಕಂಡದ್ದಲ್ಲ. ಪಕ್ಕದ ಈಜುರೆಕ್ಕೆಯ ಬುಡದಿಂದ ಸುಮಾರು 3ರಿಂದ 5 ಸೆಂಟಿಮೀಟರ್ ಹಿಂದೆ, ಹುರುಪೆಯ ಅಡಿಯಿಂದ, 45 ಡಿಗ್ರಿ ಓರೆಯಲ್ಲಿ, ಅನಿಲ ಹೊರಡುವಷ್ಟೇ ಒಳಕ್ಕೆ ಸೂಜಿಯನ್ನು ತೂರಿಸಬೇಕು. ಕೊಲ್ಲಿಯಲ್ಲಿ 2008ರಿಂದ ಇದನ್ನು ಕಡ್ಡಾಯ ಮಾಡಿದ್ದ ಅಮೆರಿಕದ ಮೀನುಗಾರಿಕೆ ಇಲಾಖೆ 2013ರಲ್ಲಿ ಆ ನಿಯಮವನ್ನು ಕೈಬಿಟ್ಟಿತು. ಪಳಗಿದ ಕೈಯಲ್ಲಿ ಇದು ಪ್ರಯೋಜನಕ್ಕೆ ಬರಬಹುದು. ಪಳಗದ ಕೈಯಲ್ಲಿ ಸೂಜಿ ಒಳಗಿನ ಅಂಗಗಳನ್ನು ಸೀಳುತ್ತದೆ. ತಿಂಗಳಿಗೊಮ್ಮೆ ದೋಣಿ ಹತ್ತುವವರು ಡಿಸೆಂಡರ್‌ಗೇ ಅಂಟಿಕೊಳ್ಳುವುದು ಲೇಸೆಂಬುದು ನನ್ನ ಅಭಿಪ್ರಾಯ.

ನಿಮ್ಮ ಮಾವನವರು ಹೇಳಿದ್ದು ಸುಳ್ಳಲ್ಲ. ಅವರು ಹೆಚ್ಚಾಗಿ ನೋಡಿರುವ ಅಂಜಲಿಗೆ ಗಾಳಿಚೀಲವೇ ಇಲ್ಲ, ಶಾರ್ಕಿಗೂ ಇಲ್ಲ. ಕಾವೇರಿಯ ಮಹಶೀರಿಗೆ ಇದೆ, ಆದರೆ ಅದರ ಚೀಲದಿಂದ ಅನ್ನನಾಳಕ್ಕೆ ಕೊಳವೆಯೊಂದಿರುವುದರಿಂದ ಹೆಚ್ಚಿನ ಅನಿಲವನ್ನು ಬಾಯಿಯಿಂದಲೇ ಬಿಟ್ಟುಬಿಡಬಲ್ಲದು. ಮುರು ಮೀನಿನಂಥವು ಮಾತ್ರ ಸ್ನ್ಯಾಪರಿನ ಹಾಗೆಯೇ ನರಳುತ್ತವೆ. ಬಂದರಿಗೆ ಬರುವ ಮೀನು ಮಾರಾಟಕ್ಕೇ ಬರುವುದರಿಂದ, ಅದನ್ನು ಹೇಗೆ ಬಿಡಬೇಕೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಒಂದು ಮಾತನ್ನು ನೀವು ಕೇಳದಿದ್ದರೂ ಸೇರಿಸುತ್ತೇನೆ. ಕೊಲ್ಲಿಯ ಒಕ್ಕೂಟ ಸರ್ಕಾರದ ವ್ಯಾಪ್ತಿಯ ನೀರಿನಲ್ಲಿ ರೆಡ್ ಸ್ನ್ಯಾಪರ್ ಕನಿಷ್ಠ 16 ಇಂಚು ಉದ್ದವಿರಬೇಕು, ಒಬ್ಬರಿಗೆ ದಿನಕ್ಕೆ ಎರಡೇ ಮೀನು. ಎರಡು ಸಿಕ್ಕಿದ ಮೇಲೂ ಇನ್ನೂ ದೊಡ್ಡದಕ್ಕಾಗಿ ಅದೇ ದಿಬ್ಬದ ಮೇಲೆ ಗಾಳ ಇಳಿಸುತ್ತಲೇ ಇರುವವರು ಎಷ್ಟೇ ಒಳ್ಳೆಯ ಡಿಸೆಂಡರ್ ಇಟ್ಟುಕೊಂಡಿದ್ದರೂ ಒಂದಷ್ಟು ಮೀನುಗಳನ್ನು ಕೊಲ್ಲುತ್ತಿರುತ್ತಾರೆ. ನದಿಯಲ್ಲಿ ಸಲ್ಲುವ ಹಿಡಿದು ಬಿಡುವ ಆಟ ಆಳಸಮುದ್ರಕ್ಕೆ ಸಲ್ಲದು. ಸಣ್ಣ ಮೀನುಗಳೇ ಬರುತ್ತಿದ್ದರೆ ದೋಣಿಯನ್ನು ಬೇರೆಡೆಗೆ ಒಯ್ಯಲು ಹೇಳಿ.

ಕಾನೂನಿನ ಮಟ್ಟಿಗೆ, ಕೊಲ್ಲಿಯ ದೋಣಿಗಳಲ್ಲಿ ಡಿಸೆಂಡರ್ ಅಥವಾ ಟೊಳ್ಳು ಸೂಜಿ ಸಿದ್ಧವಾಗಿರಲೇಬೇಕೆಂಬ ಕಾಯಿದೆ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದು ಕಾಲಮಿತಿಯುಳ್ಳ ಕಾಯಿದೆಯಾದ್ದರಿಂದ ಈ ಹೊತ್ತಿನ ನಿಯಮವನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. 2010ರ ಡೀಪ್‌ವಾಟರ್ ಹೊರೈಜನ್ ತೈಲ ಸೋರಿಕೆಯ ಪರಿಹಾರದ ಹಣದಿಂದ ನಡೆಯುವ ‘ರಿಟರ್ನ್ ಎಮ್ ರೈಟ್’ ಎಂಬ ಕಾರ್ಯಕ್ರಮ ಕೊಲ್ಲಿಯ ಹವ್ಯಾಸಿಗಳಿಗೆ ಚಿಕ್ಕ ತರಬೇತಿಯೊಂದಿಗೆ ಈ ಸಾಧನಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ. ಮುಂದಿನ ಬಾರಿ ದೋಣಿಯನ್ನು ಕಾಯ್ದಿರಿಸುವಾಗ, ಡಿಸೆಂಡರ್ ಇದೆಯೇ, ಅದನ್ನು ಬಳಸಬಲ್ಲವರು ಯಾರು ಎಂದು ಕ್ಯಾಪ್ಟನ್ನರನ್ನು ಕೇಳಿ. ಉತ್ತರ ತಡವರಿಸಿದರೆ ನಿಮ್ಮದನ್ನೇ ಒಯ್ಯಿರಿ.

— ಸಂಪಾದಕ