ಸಂಪಾದಕರ ಉತ್ತರ: ಒಬ್ಬರಿಗಾಗಿ ತಿರುಗಿದ ಹಡಗು

ದಾವಣಗೆರೆಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂಬ ಕೋರಿಕೆಯೊಂದಿಗೆ, ದೀರ್ಘ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಅಮೆರಿಕದಲ್ಲಿರುವ ಮಗ ಅಪ್ಪ-ಅಮ್ಮನನ್ನು ಸಿಯಾಟಲ್‌ನಿಂದ ಅಲಾಸ್ಕಾ ಕ್ರೂಸಿಗೆ ಕಳಿಸಿದ್ದ. ಜೂನೋ ಬಂದರು ಬಿಟ್ಟ ರಾತ್ರಿ ಪ್ರಯಾಣಿಕರೊಬ್ಬರಿಗೆ ಹೃದಯಾಘಾತವಾಗಿ ಹಡಗು ಮತ್ತೆ ಜೂನೋಗೆ ತಿರುಗಿತು. ಮರುದಿನ ನೋಡಬೇಕಿದ್ದ ಹಿಮನದಿಗಳ ಕೊಲ್ಲಿ, ಗ್ಲೇಸಿಯರ್ ಬೇ, ತಪ್ಪಿಹೋಯಿತು. ಬೆಳಿಗ್ಗೆ ಕೌಂಟರಿನ ಮುಂದೆ ಉದ್ದನೆಯ ಸಾಲು, ಹಣ ವಾಪಸ್ ಕೊಡಿ ಎಂಬ ಗದ್ದಲ. ಕೌಂಟರಿನಲ್ಲಿದ್ದ ಉಡುಪಿ ಕಡೆಯ ಹುಡುಗ ಎಲ್ಲರಿಂದಲೂ ಬೈಸಿಕೊಂಡ. ಸಾಲಿನಲ್ಲಿದ್ದ ಒಬ್ಬರು 'ಹೃದಯ ಸರಿಯಿಲ್ಲದವರು ಮನೆಯಲ್ಲಿರಬೇಕು, ನಮ್ಮ ರಜೆ ಯಾಕೆ ಹಾಳು ಮಾಡಬೇಕು' ಎಂದರಂತೆ. ನಮ್ಮ ಓದುಗರಿಗೆ ಅರವತ್ತೆಂಟು ವರ್ಷ. ಎರಡು ಸ್ಟೆಂಟ್ ಹಾಕಿಸಿಕೊಂಡವರು. 'ಆ ಮಾತು ನನಗೇ ಅಂದಂತಾಯಿತು. ನಾಳೆ ನನಗೆ ಹೀಗಾದರೆ ಎರಡು ಸಾವಿರ ಜನರ ಶಾಪ ಕಟ್ಟಿಕೊಳ್ಳಬೇಕೆ? ಇನ್ನು ಇಂಥ ಪ್ರಯಾಣವೇ ಬೇಡ ಎಂದು ನನ್ನವಳು ಹಟ ಹಿಡಿದಿದ್ದಾಳೆ. ನೀವೇನು ಹೇಳುತ್ತೀರಿ?' ಎಂದು ಕೇಳಿದ್ದಾರೆ. ಒಂದು ದಿನ ತಡವಾಗಿಯಾದರೂ ಆ ಹಿಮನದಿಗಳನ್ನು ತೋರಿಸಬಹುದಿತ್ತಲ್ಲ ಎಂಬ ಪ್ರಶ್ನೆಯೂ ಇದೆ.

ಮೊದಲು ಉತ್ತರ, ಆಮೇಲೆ ವಿವರ. ನಿಮ್ಮ ಡಾಕ್ಟರು ಒಪ್ಪಿದರೆ ಖಂಡಿತ ಹೋಗಿ. ಹಡಗು ಹಿಂತಿರುಗಿದ್ದು ಆ ರೋಗಿಗೆ ಮಿಕ್ಕವರು ಮಾಡಿದ ಉಪಕಾರವಲ್ಲ. ಹಡಗು ಹತ್ತಿದ ಪ್ರತಿಯೊಬ್ಬರಿಗೂ ಸಲ್ಲಬೇಕಾದ ರಕ್ಷಣೆ ಅದು. ಕೂಗಾಡಿದವರಿಗೂ ಅದು ಇದೆ, ನಿಮಗೂ ಇದೆ. ಕಪ್ತಾನರು ದಾರಿ ಬದಲಿಸಬಹುದು, ಬಂದರು ಕೈಬಿಡಬಹುದು ಎಂಬ ಷರತ್ತು ಕ್ರೂಸ್ ಟಿಕೆಟಿನ ಕರಾರಿನಲ್ಲೇ ಇರುತ್ತದೆ. ಸಮುದ್ರದಲ್ಲಿ ಜೀವರಕ್ಷಣೆಗೆಂದು ಇರುವ 'ಸೋಲಾಸ್' ಎಂಬ ಅಂತರರಾಷ್ಟ್ರೀಯ ಒಪ್ಪಂದ ಇನ್ನೂ ಮುಂದೆ ಹೋಗಿ, ಜೀವ ಉಳಿಸಲು ಕಪ್ತಾನರು ತೆಗೆದುಕೊಳ್ಳುವ ತೀರ್ಮಾನಕ್ಕೆ ಹಡಗಿನ ಮಾಲೀಕರೂ ಅಡ್ಡ ಬರುವಂತಿಲ್ಲ ಎನ್ನುತ್ತದೆ. ದೊಡ್ಡ ಹಡಗಿನ ಆಸ್ಪತ್ರೆಯಲ್ಲಿ ಇಸಿಜಿ, ಎಕ್ಸ್-ರೇ, ವೆಂಟಿಲೇಟರ್ ಇರುತ್ತವೆ. ಆದರೆ ಮುಚ್ಚಿದ ರಕ್ತನಾಳ ತೆರೆದು ಸ್ಟೆಂಟ್ ಹಾಕುವ ವ್ಯವಸ್ಥೆ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಒಂದೊಂದು ಗಂಟೆಗೂ ಏನು ಬೆಲೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಗ್ಲೇಸಿಯರ್ ಬೇ. ಅದು ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡಕ್ಕಿಂತ ಹೆಚ್ಚು ಕ್ರೂಸ್ ಹಡಗುಗಳನ್ನು ಒಳಗೆ ಬಿಡುವುದಿಲ್ಲ, ಯಾರು ಯಾವ ದಿನ ಬರಬೇಕೆಂಬುದು ಬಹಳ ಮೊದಲೇ ನಿಗದಿಯಾಗಿರುತ್ತದೆ. ನಿಮ್ಮ ಮರುದಿನ ಬೇರೆಯವರ ಪಾಲಿನ ದಿನ. ಇದರ ಜೊತೆಗೆ 1886ರ ಒಂದು ಅಮೆರಿಕನ್ ಕಾನೂನು ಇದೆ. ವಿದೇಶಿ ಬಾವುಟದ, ಅಂದರೆ ಬೇರೆ ದೇಶದಲ್ಲಿ ನೋಂದಣಿಯಾದ, ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವುದಾದರೆ, ನಡುವೆ ಒಂದು ವಿದೇಶಿ ಬಂದರನ್ನಾದರೂ ಮುಟ್ಟಬೇಕು. ಅಲಾಸ್ಕಾಕ್ಕೆ ಹೋಗುವ ದೊಡ್ಡ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ವಿದೇಶಿ ಬಾವುಟದವೇ. ಸಿಯಾಟಲ್‌ಗೆ ಮರಳುವಾಗ ನಿಮ್ಮ ಹಡಗು ಕೆನಡಾದ ಬಂದರಿನಲ್ಲಿ ಕೆಲವೇ ಗಂಟೆ ನಿಂತಿದ್ದರೆ ಕಾರಣ ಇದೇ. ಅದನ್ನು ಬಿಡುವಂತಿಲ್ಲ, ಸಿಯಾಟಲ್‌ನಲ್ಲಿ ಮುಂದಿನ ತಂಡ ಕಾಯುತ್ತಿರುತ್ತದೆ. ಒಂದು ವಾರದ ಪ್ರವಾಸದಲ್ಲಿ ಒಂದು ದಿನ ಎಲ್ಲಿಂದ ತರುವುದು?

ಇಷ್ಟನ್ನು ಯಾರಾದರೂ ಅಂದು ಬೆಳಿಗ್ಗೆ ಮೈಕಿನಲ್ಲಿ ಬಿಡಿಸಿ ಹೇಳಿದ್ದರೆ ಆ ಸಾಲು ಅರ್ಧಕ್ಕರ್ಧ ಕರಗುತ್ತಿತ್ತು ಎಂದೇ ನನ್ನ ನಂಬಿಕೆ. ನಿಮ್ಮ ಪತ್ರದ ಪ್ರಕಾರ ಅವರು ಹೇಳಿದ್ದು 'ವೈದ್ಯಕೀಯ ತುರ್ತು' ಎಂಬ ಎರಡು ಪದ ಮಾತ್ರ. ರೋಗಿಯ ಗುಟ್ಟು ಕಾಪಾಡುವುದು ಸರಿಯೇ. ಆದರೆ ಅದರಿಂದ ಏನಾಯಿತು ನೋಡಿ: ಕಳೆದುಕೊಂಡ ಹಿಮನದಿ ಎಲ್ಲರ ಕಣ್ಣಿಗೂ ಕಟ್ಟುತ್ತಿತ್ತು, ನಾಲ್ಕು ಅಂತಸ್ತು ಕೆಳಗೆ ಮಲಗಿದ್ದ ಮನುಷ್ಯ ಯಾರಿಗೂ ಕಾಣಲಿಲ್ಲ.

ಕಂಡಾಗ ಜನ ಹೇಗಿರುತ್ತಾರೆ ಎಂಬುದಕ್ಕೆ ಕಾರ್ಪೇಥಿಯಾ ಹಡಗಿನ ಕಥೆ ನೆನೆಯಿರಿ. ಟೈಟಾನಿಕ್ ಎಂದರೆ ಎಲ್ಲರಿಗೂ ಗೊತ್ತು. ಅದರ ನೆರವಿಗೆ ಓಡಿದ ಹಡಗಿನ ಪ್ರಯಾಣಿಕರ ಬಗ್ಗೆ ನಾವು ಯೋಚಿಸುವುದು ಕಡಿಮೆ. 1912ರ ಏಪ್ರಿಲ್ 11ರಂದು ಕಾರ್ಪೇಥಿಯಾ ನ್ಯೂಯಾರ್ಕ್ ಬಿಟ್ಟು ಮೆಡಿಟರೇನಿಯನ್ ಕಡೆಗೆ ಹೊರಟಿತ್ತು. ಒಳಗಿದ್ದವರಲ್ಲಿ ರಜೆಗೆ ಹೊರಟ ಪ್ರವಾಸಿಗರಿದ್ದರು, ಊರಿಗೆ ಮರಳುತ್ತಿದ್ದ ಬಡ ವಲಸಿಗರೂ ಇದ್ದರು. ನಡುರಾತ್ರಿ ಕಪ್ತಾನ ಆರ್ಥರ್ ರೋಸ್ಟ್ರನ್ ಹಡಗು ತಿರುಗಿಸಿ, ಉಗಿಯೆಲ್ಲ ಎಂಜಿನ್‌ಗೇ ಸಿಗಲೆಂದು ಕೋಣೆಗಳ ಬಿಸಿಯನ್ನೂ ನಿಲ್ಲಿಸಿಬಿಟ್ಟರು. ಬೆಳಗಾಗುವಾಗ ಟೈಟಾನಿಕ್‌ನಿಂದ ಬದುಕುಳಿದ ಏಳುನೂರಕ್ಕೂ ಹೆಚ್ಚು ಜನ, ಚಳಿಗೆ ನಡುಗುತ್ತ, ಕಾರ್ಪೇಥಿಯಾದ ಪ್ರಯಾಣಿಕರ ಎದುರಿಗೇ ಹಡಗು ಹತ್ತಿದರು. ಪ್ರಯಾಣಿಕರು ತಮ್ಮ ಕೋಣೆ, ಹಾಸಿಗೆ ಬಿಟ್ಟುಕೊಟ್ಟರು. ಪೆಟ್ಟಿಗೆ ತೆರೆದು ಬಟ್ಟೆ ಹಂಚಿದರು. ಕಂಬಳಿ ಕತ್ತರಿಸಿ ಮಕ್ಕಳಿಗೆ ಉಡುಪು ಹೊಲಿದರು. ಹಡಗು ನ್ಯೂಯಾರ್ಕಿಗೇ ಮರಳಿತು. ಅವರ ಪ್ರವಾಸ ಮತ್ತೆ ಮೊದಲಿನಿಂದ ಶುರುವಾಗುವಷ್ಟರಲ್ಲಿ ವಾರಕ್ಕೂ ಹೆಚ್ಚು ಕಾಲ ಕಳೆದಿತ್ತು. ನಿಮ್ಮ ಸಾಲಿನಲ್ಲಿ ನಿಂತಿದ್ದವರು ಇವರಿಗಿಂತ ಬೇರೆ ಬಗೆಯ ಮನುಷ್ಯರೆಂದು ನನಗೆ ಅನಿಸುವುದಿಲ್ಲ. ಹಡಗಿನಲ್ಲಿ ರೋಗಿಗೆ ತುರ್ತಾಗಿ ರಕ್ತ ಬೇಕಾದಾಗ ಸಹಪ್ರಯಾಣಿಕರನ್ನೇ ಕೇಳುವ ಪದ್ಧತಿ ಈಗಲೂ ಇದೆ, ಜನ ಕೈಚಾಚಿ ಕೊಡುತ್ತಾರೆ.

ನಿಜ ಹೇಳದಿದ್ದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿಯಿತು. ಬರಿ ವಿದ್ಯುತ್ ತೊಂದರೆ ಎಂದು ಪ್ರಯಾಣಿಕರಿಗೆ ಹೇಳಲಾಯಿತು. ಹಡಗು ಬಿಡಿ ಎಂಬ ಆದೇಶ ಬರಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. 32 ಜನ ಸತ್ತರು. ಅಂದಿನ ನೂಕುನುಗ್ಗಲನ್ನು ಪ್ರಯಾಣಿಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಇದಕ್ಕೆ ತದ್ವಿರುದ್ಧ ಚಿತ್ರವೂ ಇದೆ. 2019ರ ಮಾರ್ಚ್ 23ರಂದು ನಾರ್ವೆಯ ಹುಸ್ಟಾಡ್‌ವಿಕಾದಲ್ಲಿ ಬಿರುಗಾಳಿಯ ನಡುವೆ ವೈಕಿಂಗ್ ಸ್ಕೈ ಹಡಗಿನ ಎಂಜಿನ್‌ಗಳು ನಿಂತಾಗ ಒಳಗಿದ್ದವರು 1,373 ಜನ. ಕುರ್ಚಿ-ಮೇಜುಗಳು ಜಾರಿ ಬಡಿಯುತ್ತಿದ್ದ ಸಭಾಂಗಣದಲ್ಲಿ ಜೀವರಕ್ಷಕ ಕವಚ ತೊಟ್ಟು ಅವರು ರಾತ್ರಿಯಿಡೀ ತಮ್ಮ ಸರದಿ ಕಾದರು. ಸುಮಾರು 470 ಜನರನ್ನು ಒಬ್ಬೊಬ್ಬರನ್ನಾಗಿ ಹೆಲಿಕಾಪ್ಟರಿಗೆ ಎತ್ತಿಕೊಳ್ಳಲಾಯಿತು. ಯಾರೂ ಸಾಯಲಿಲ್ಲ. ಅವರಲ್ಲಿ ವಯಸ್ಸಾದವರೇ ಹೆಚ್ಚು ಎಂಬುದನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ.

ಆ ಉಡುಪಿಯ ಹುಡುಗನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನಗೆ ಅಲ್ಲಿಂದ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ದಾರಿ ಬದಲಿಸಿದ್ದು ಅವನಲ್ಲ, ಹಣ ಕೊಡುವ ಅಧಿಕಾರವೂ ಅವನಿಗಿಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಇಂಥ ಹಡಗುಗಳಲ್ಲಿ ತಿಂಗಳುಗಟ್ಟಲೆ ದುಡಿಯುತ್ತಾರೆ. 2020ರ ಫೆಬ್ರವರಿಯಲ್ಲಿ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೊನಾ ಕಾರಣಕ್ಕೆ ತಡೆದಾಗ ಅದರಲ್ಲಿದ್ದ 138 ಭಾರತೀಯರಲ್ಲಿ 132 ಜನ ಸಿಬ್ಬಂದಿ. ಪ್ರಯಾಣಿಕರು ಕೋಣೆಯೊಳಗೆ ಪ್ರತ್ಯೇಕವಾಗಿದ್ದರೆ, ಸಿಬ್ಬಂದಿ ಹಂಚಿಕೊಂಡ ಕೋಣೆಗಳಲ್ಲಿ ಮಲಗಿ, ಒಟ್ಟಿಗೆ ಉಂಡು, ಬಾಗಿಲು ಬಾಗಿಲಿಗೆ ಊಟ ತಲುಪಿಸಿದರು. ಪ್ರಯಾಣಿಕರ ಸಂಕಟವೂ ಸಣ್ಣದಲ್ಲ: ಔಷಧಿ ಇಲ್ಲ, ಮಾಹಿತಿ ಇಲ್ಲ ಎಂದು ಬರೆದ ಬಟ್ಟೆಯನ್ನು ಬಾಲ್ಕನಿಯಿಂದ ತೂಗುಬಿಟ್ಟವರಿದ್ದರು. ಅದೇ ಹಡಗಿನಲ್ಲಿ, ಊಟ ತಂದವರಿಗೆ ಧನ್ಯವಾದ ಬರೆದ ಚೀಟಿಯನ್ನು ಬಾಗಿಲಿಗೆ ಅಂಟಿಸಿದವರೂ ಇದ್ದರು. ದೂರು ಹೇಳುವುದು ಬೇಡ ಎನ್ನುತ್ತಿಲ್ಲ. ದೂರು ಕಂಪನಿಯ ಕಚೇರಿಗೆ ಹೋಗಲಿ.

ದಡದಲ್ಲಿರುವ ನಾವೂ ಹೆದರಿದಾಗ ಆ ಸಾಲಿನಲ್ಲಿದ್ದವರಂತೆಯೇ. ಅದೇ ವರ್ಷ ವೆಸ್ಟರ್‌ಡ್ಯಾಮ್ ಹಡಗನ್ನು ಕೊರೊನಾ ಭಯಕ್ಕೆ ಐದು ಕಡೆ ಬೇಡವೆಂದ ಮೇಲೆ ಕಾಂಬೋಡಿಯಾ ಬರಮಾಡಿಕೊಂಡಿತು. ಮಾರ್ಚ್ 7ರಂದು ನವಮಂಗಳೂರು ಬಂದರು ಎಂಎಸ್‌ಸಿ ಲಿರಿಕಾಗೆ ಪ್ರವೇಶ ಕೊಡಲಿಲ್ಲ. ಭಯ ಅರ್ಥವಾಗುವಂಥದ್ದೇ. ಆದರೂ ಆ ದಿನಗಳಲ್ಲಿ ಊರೂರು ಅಲೆದ ಹಡಗುಗಳಲ್ಲಿದ್ದವರ ಸ್ಥಿತಿಗೂ, ರಜೆಯ ಒಂದು ದಿನ ಕಳೆದುಕೊಂಡದ್ದಕ್ಕೂ ಇರುವ ಅಂತರ ನೆನಪಿರಲಿ.

ಈಗ ಹಣದ ಮಾತು. ಬಂದರು ತಪ್ಪಿದಾಗ ಸಾಮಾನ್ಯವಾಗಿ ಸಿಗುವುದು ಆ ಬಂದರಿನ ಶುಲ್ಕ ಮತ್ತು ಹಡಗಿನ ಮೂಲಕವೇ ಕಾಯ್ದಿರಿಸಿದ ದಡದ ಪ್ರವಾಸದ ಹಣ, ಟಿಕೆಟಿನ ಹಣವಲ್ಲ. ಕೆಲವು ವಿಮಾ ಪಾಲಿಸಿಗಳಲ್ಲಿ ಬಂದರು ತಪ್ಪಿದ್ದಕ್ಕೆ ಪರಿಹಾರ ಇರುತ್ತದೆ, ಮಗನಿಗೆ ಪಾಲಿಸಿ ಪತ್ರ ತೆಗೆದು ನೋಡಲು ಹೇಳಿ. ಮುಂದಿನ ಸಲಕ್ಕೆ ಅದಕ್ಕಿಂತ ಮುಖ್ಯವಾದದ್ದು ವಿಮಾನ ಅಥವಾ ಹೆಲಿಕಾಪ್ಟರಿನಲ್ಲಿ ಸಾಗಿಸುವ ವೆಚ್ಚದ ರಕ್ಷಣೆ. ಅಲಾಸ್ಕಾದ ಆ ಭಾಗದಿಂದ ಗಂಭೀರ ರೋಗಿಗಳನ್ನು ಸಿಯಾಟಲ್ ಅಥವಾ ಆಂಕರೇಜ್‌ಗೆ ಹಾರಿಸಿಕೊಂಡು ಹೋಗುತ್ತಾರೆ, ಖರ್ಚು ಹತ್ತಾರು ಸಾವಿರ ಡಾಲರ್ ಮುಟ್ಟುತ್ತದೆ. ಸ್ಟೆಂಟ್ ಇರುವುದನ್ನು ವಿಮೆಯ ಅರ್ಜಿಯಲ್ಲಿ ಬರೆಯಿರಿ, ಮುಚ್ಚಿಟ್ಟರೆ ಕ್ಲೇಮ್ ನಿಲ್ಲುವುದಿಲ್ಲ. ಹಳೆಯ ಕಾಯಿಲೆಗೆ ಎಷ್ಟರ ಮಟ್ಟಿಗೆ ರಕ್ಷಣೆ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ಹಡಗು ಬೇರೆ ದೇಶದ ಬಂದರಿಗೆ ತಿರುಗಿದರೆ ಭಾರತೀಯ ಪಾಸ್‌ಪೋರ್ಟಿನವರಿಗೆ ವೀಸಾ ತೊಡಕಾಗಬಹುದು. ದಾರಿಯ ಎಲ್ಲ ದೇಶಗಳ ವೀಸಾ ನಿಯಮ ಮೊದಲೇ ವಿಚಾರಿಸಿ. ಹಳೆಯ ಇಸಿಜಿ, ಆಂಜಿಯೊಗ್ರಾಂ ವರದಿ, ಮಾತ್ರೆಗಳ ಪಟ್ಟಿ ಕೈಚೀಲದಲ್ಲಿರಲಿ. ಆ ಪಟ್ಟಿಯ ಒಂದು ಪ್ರತಿ ನಿಮ್ಮ ಮನೆಯವರ ಬಳಿಯೂ ಇರಲಿ.